ಆವರ್ತ ವ್ಯಾಯಾಮವೂ ನಡುವಯಸ್ಸಿನ ಧಮನಿಯೂ: ಒಂದು ಐತಿಹಾಸಿಕ ವಿವೇಚನೆ

ವ್ಯಾಯಾಮವನ್ನು ಕುರಿತು ಇತಿಹಾಸದ ಅಧ್ಯಾಪಕನು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಓದುಗರಿಗೆ ತೋರುವುದು ಸಹಜ. ದೇಹದ ವಿಚಾರ ವೈದ್ಯನಿಗೆ ಸೇರಿದ್ದು. ಅಂಗಸಾಧನೆಯ ವಿಚಾರ ಗರಡಿಯ ಉಸ್ತಾದನಿಗೆ ಸೇರಿದ್ದು. ಆದರೆ ನಲವತ್ತು ದಾಟಿದ ಮನುಷ್ಯನು ಏದುಸಿರು ಬರುವಂತೆ ದೇಹವನ್ನು ದುಡಿಸಬಹುದೆ, ದುಡಿಸಕೂಡದೆ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಎಲ್ಲ ಕಾಲದಲ್ಲಿಯೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಾನು ಕೊಟ್ಟಿದ್ದ ಉತ್ತರವನ್ನು ಅದು ಉತ್ತರಾರ್ಧದಲ್ಲಿ ತಾನೇ ತಿರುವಿಹಾಕಿತು. ಹಾಗೆ ತಿರುವಿಹಾಕುವಾಗ ಅದು ಮೊದಲು ನೆಚ್ಚಿದ ಸಾಕ್ಷ್ಯವು ಪ್ರಯೋಗಶಾಲೆಯಿಂದ ಬಂದದ್ದಲ್ಲ. ಒಂದು ಸಾರಿಗೆ ಸಂಸ್ಥೆಯ ಕಾಯಿಲೆಯ ದಾಖಲೆಗಳು, ಸಮವಸ್ತ್ರದ ಅಳತೆಯ ಪಟ್ಟಿಗಳು, ಆಸ್ಪತ್ರೆಗಳ ಶವಪರೀಕ್ಷೆಯ ಹಳೆಯ ವರದಿಗಳು, ಇಂಥವುಗಳಿಂದ ಬಂದದ್ದು. ಬೇರೊಂದು ಉದ್ದೇಶಕ್ಕಾಗಿ ಬರೆದಿಟ್ಟ ಕಾಗದಗಳಿಂದ ಬರೆದವರೇ ಎಣಿಸದಿದ್ದ ಸಂಗತಿಯನ್ನು ಹೊರಡಿಸುವುದು ನಮ್ಮ ಕಸುಬಿನ ದಾರಿಯೂ ಹೌದು. ಆ ಸಲುಗೆಯಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ‘ಸರ್ಕಿಟ್ ಟ್ರೈನಿಂಗ್’ ಎಂದು ಹೆಸರಾಗಿರುವ ಅಂಗಸಾಧನೆಯನ್ನು ಈ ಲೇಖನದಲ್ಲಿ ‘ಆವರ್ತ ವ್ಯಾಯಾಮ’ ಎಂದು ಕರೆದಿದ್ದೇನೆ. ಒಂದು ಅಂಗಳದಲ್ಲಿಯೋ ಹಜಾರದಲ್ಲಿಯೋ ಸುತ್ತಲೂ ಒಂಬತ್ತರಿಂದ ಹನ್ನೆರಡು ಠಾವುಗಳನ್ನು ಗೊತ್ತುಮಾಡಿ, ಒಂದೊಂದು ಠಾವಿನಲ್ಲಿ ಒಂದೊಂದು ಬಗೆಯ ಕಸರತ್ತನ್ನು ಇಟ್ಟು, ಸಾಧಕನು ಒಂದರಿಂದ ಇನ್ನೊಂದಕ್ಕೆ ಹೆಚ್ಚು ವಿರಾಮವಿಲ್ಲದೆ ಸಾಗಿ ಸುತ್ತನ್ನು ಮುಗಿಸುವುದು ಇದರ ಕ್ರಮ. ಒಂದೆಡೆ ಬೆಂಚನ್ನು ಹತ್ತಿ ಇಳಿಯುವುದು, ಒಂದೆಡೆ ಬಸ್ಕಿ, ಒಂದೆಡೆ ದಂಡ, ಒಂದೆಡೆ ಹಗುರವಾದ ಭಾರವನ್ನು ಎತ್ತುವುದು, ಹೀಗೆ. ತೋಳು ದಣಿದಾಗ ಕಾಲು ದುಡಿಯುತ್ತದೆ, ಕಾಲು ದಣಿದಾಗ ಬೆನ್ನು ದುಡಿಯುತ್ತದೆ. ಹೃದಯಕ್ಕೂ ಶ್ವಾಸಕೋಶಕ್ಕೂ ಮಾತ್ರ ಸುತ್ತು ಮುಗಿಯುವವರೆಗೆ ಬಿಡುವಿಲ್ಲ. ಈ ಪದ್ಧತಿಯನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಆರ್. ಇ. ಮಾರ್ಗನ್ ಮತ್ತು ಜಿ. ಟಿ. ಆಡಮ್ಸನ್ ಎಂಬಿಬ್ಬರು ರೂಪಿಸಿದರು. ಅವರ ಪುಸ್ತಕ 1957ರಲ್ಲಿ ಪ್ರಕಟವಾಯಿತು.

ಅವರ ಮುಂದಿದ್ದ ಸಮಸ್ಯೆ ಸರಳವಾದುದು. ವಿದ್ಯಾರ್ಥಿಗಳು ಅನೇಕರು, ಸ್ಥಳ ಚಿಕ್ಕದು, ವೇಳೆ ಅಲ್ಪ. ಒಬ್ಬನ ಶಕ್ತಿಯಂತೆ ಇನ್ನೊಬ್ಬನದಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಎಣಿಕೆಗೆ ಕೈಕಾಲು ಆಡಿಸುವ ಹಳೆಯ ಡ್ರಿಲ್ಲಿನಲ್ಲಿ ಬಲಿಷ್ಠನಿಗೆ ಸಾಲದು, ದುರ್ಬಲನಿಗೆ ಹೆಚ್ಚು. ಮಾರ್ಗನ್ ಮತ್ತು ಆಡಮ್ಸನ್ ಕಂಡುಕೊಂಡ ಉಪಾಯವೆಂದರೆ ಪ್ರತಿಯೊಬ್ಬನಿಗೂ ಅವನದೇ ಅಳತೆಯನ್ನು ಕೊಡುವುದು. ಒಂದೊಂದು ಠಾವಿನಲ್ಲಿಯೂ ಸಾಧಕನು ಗರಿಷ್ಠವಾಗಿ ಎಷ್ಟು ಸಲ ಮಾಡಬಲ್ಲನೆಂಬುದನ್ನು ಮೊದಲು ಪರೀಕ್ಷಿಸುವರು; ಆ ಸಂಖ್ಯೆಯ ಅರ್ಧವೇ ಅವನ ನಿತ್ಯದ ಪ್ರಮಾಣ. ಆ ಪ್ರಮಾಣದಲ್ಲಿ ಮೂರು ಸುತ್ತು ಮುಗಿಸಲು ಹಿಡಿಯುವ ಕಾಲವನ್ನು ಗುರುತಿಸಿ, ದಿನಕಳೆದಂತೆ ಆ ಕಾಲವನ್ನು ಕಡಿಮೆ ಮಾಡುವುದು ಗುರಿ. ಗುರಿ ಮುಟ್ಟಿದ ಬಳಿಕ ಮತ್ತೆ ಪರೀಕ್ಷೆ, ಮತ್ತೆ ಹೊಸ ಅರ್ಧ. ಇಲ್ಲಿ ಸ್ಪರ್ಧೆ ಪಕ್ಕದವನೊಡನೆ ಅಲ್ಲ, ತನ್ನ ನಿನ್ನೆಯ ಗಡಿಯಾರದೊಡನೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬ ವಿಧಿಯುಂಟೆಂಬುದನ್ನು ಆಯುರ್ವೇದವನ್ನು ಬಲ್ಲ ಓದುಗರು ಇಲ್ಲಿ ನೆನೆಯಬಹುದು. ಎರಡು ಕಡೆಯ ‘ಅರ್ಧ’ಕ್ಕೂ ಸಂಬಂಧವನ್ನು ಕಲ್ಪಿಸುವ ಆಸೆಯನ್ನು ಇತಿಹಾಸದ ವಿದ್ಯಾರ್ಥಿ ತಡೆದುಕೊಳ್ಳಬೇಕು. ಲೀಡ್ಸಿನ ಅರ್ಧ ಎಣಿಕೆಯ ಅರ್ಧ. ಸುಶ್ರುತನ ಅರ್ಧ ಉಸಿರಿನ ಗತಿಯಿಂದ ಅರಿಯತಕ್ಕದ್ದು. ಲಕ್ಷಣ ಬೇರೆ, ಕಾಲ ಬೇರೆ, ಸಾಗಿಬಂದ ದಾರಿಯ ಕುರುಹು ಯಾವುದೂ ಇಲ್ಲ. ಆದರೂ ಪೂರ್ಣಬಲವನ್ನು ನಿತ್ಯವೂ ವ್ಯಯಮಾಡಕೂಡದೆಂಬ ಎಚ್ಚರ ಎರಡರಲ್ಲಿಯೂ ಇದೆ. ಇಪ್ಪತ್ತರ ಹರೆಯದವರಿಗಾಗಿ ಮಾಡಿದ ಪದ್ಧತಿಯೊಂದು ಮುಂದೆ ಐವತ್ತರವರ ಕೈಗೂ ಸಿಕ್ಕುವುದಕ್ಕೆ ಈ ಎಚ್ಚರವೇ ಎಡೆಮಾಡಿಕೊಟ್ಟಿತೆಂದು ನನ್ನ ಊಹೆ.

ಆದರೆ 1953ರಲ್ಲಿ ಐವತ್ತರ ಗೃಹಸ್ಥನನ್ನು, ಅದರಲ್ಲೂ ಎದೆನೋವು ಕಂಡವನನ್ನು, ಇಂಥ ಸುತ್ತಿಗೆ ಕಳುಹಿಸುವ ವೈದ್ಯರು ತೀರ ವಿರಳ. ಆ ಕಾಲದ ಮದ್ದು ವಿಶ್ರಾಂತಿ. ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ಹೃದಯದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ರೋಗಿ ಬದುಕಬಹುದೆಂದು ತೋರಿಸಿಕೊಟ್ಟ ಮೇಲೆ, ಬದುಕಿದವನನ್ನು ಹೇಗೆ ಕಾಪಾಡುವುದೆಂಬ ಪ್ರಶ್ನೆ ಎದ್ದಿತು. ಪೆಟ್ಟು ಬಿದ್ದ ಹೃದಯದ ಸ್ನಾಯು ಮಾಯುವವರೆಗೆ ಅಲುಗಾಡಿಸಕೂಡದೆಂಬ ತರ್ಕದಿಂದ ರೋಗಿಯನ್ನು ವಾರಗಟ್ಟಲೆ, ಸಾಮಾನ್ಯವಾಗಿ ಆರು ವಾರ, ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಮುರಿದ ಮೂಳೆಗೆ ಕಟ್ಟುವ ದಬ್ಬೆಯ ನ್ಯಾಯವನ್ನು ಹೃದಯಕ್ಕೂ ಅನ್ವಯಿಸಿದಂತಾಯಿತು. ಈ ತರ್ಕ ಮೂರ್ಖತನದ್ದೇನೂ ಅಲ್ಲ. ಅದನ್ನು ಇಂದು ಹಾಸ್ಯಮಾಡುವುದು ಸುಲಭವೆಂಬುದೇ ಅದರ ಮೇಲಿರುವ ದೊಡ್ಡ ಆಕ್ಷೇಪಣೆ. ಸ್ವಾರಸ್ಯವಾದ ಸಂಗತಿಯೆಂದರೆ ಇದಕ್ಕಿಂತ ಬಹು ಹಿಂದೆಯೇ, ಎದೆಸೆಳೆತದ ರೋಗವನ್ನು ಹದಿನೆಂಟನೆಯ ಶತಮಾನದಲ್ಲಿ ವರ್ಣಿಸಿದ ಲಂಡನ್ನಿನ ವಿಲಿಯಂ ಹೆಬರ್ಡೆನ್, ದಿನವೂ ಅರ್ಧ ಗಂಟೆ ಮರ ಕೊಯ್ಯುವ ನೇಮವನ್ನು ಹಿಡಿದು ಬಹುಮಟ್ಟಿಗೆ ಗುಣಹೊಂದಿದ ಒಬ್ಬ ರೋಗಿಯನ್ನು ತನ್ನ ಟಿಪ್ಪಣಿಗಳಲ್ಲಿ ಉಲ್ಲೇಖಿಸಿದ್ದನು. ಆ ಮಾತು ಗ್ರಂಥದಲ್ಲಿತ್ತು, ಆಚರಣೆಯಲ್ಲಿರಲಿಲ್ಲ.

ವಿಶ್ರಾಂತಿಯ ಕೋಟೆ ಒಂದೇ ಪೆಟ್ಟಿಗೆ ಬೀಳಲಿಲ್ಲ. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ 1950ರ ದಶಕದ ಆರಂಭದಲ್ಲಿ ರೋಗಿಗಳನ್ನು ಹಾಸಿಗೆಯಿಂದ ಎತ್ತಿ ಆರಾಮಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯಲ್ಲಿ ಕೂರಿಸುವುದೂ ಆಗ ಸಾಹಸವೆನಿಸಿತ್ತು. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್ ನಗರದಲ್ಲಿ ಹೃದಯಾಘಾತವಾಯಿತು. ಅವರನ್ನು ನೋಡಿಕೊಂಡ ಪ್ರಮುಖ ತಜ್ಞ ಪಾಲ್ ಡಡ್ಲಿ ವೈಟ್ ನಡಿಗೆಯನ್ನೂ ಸೈಕಲ್ ಸವಾರಿಯನ್ನೂ ಬಹಿರಂಗವಾಗಿ ಎತ್ತಿಹಿಡಿಯುತ್ತಿದ್ದವರು. ರೋಗಿ ಸುಮಾರು ಏಳು ವಾರ ಆಸ್ಪತ್ರೆಯಲ್ಲಿದ್ದು ಹೊರಬಂದು, ಮರುವರ್ಷ ಚುನಾವಣೆಯಲ್ಲಿ ಮತ್ತೆ ಗೆದ್ದುದನ್ನು ಜಗತ್ತೆಲ್ಲ ಕಂಡಿತು. ಹೃದಯಾಘಾತವಾದವನು ಇನ್ನು ಮೂಲೆಯಲ್ಲಿ ಕೂರತಕ್ಕವನೆಂಬ ನಂಬಿಕೆಗೆ ಇದರಿಂದ ದೊಡ್ಡ ಧಕ್ಕೆ ತಗುಲಿತು. ಆದರೆ ಒಬ್ಬ ಅಧ್ಯಕ್ಷನ ಉದಾಹರಣೆ ಪ್ರಮಾಣವಾಗಲಾರದು. ಪ್ರಮಾಣ ಬೇರೊಂದೆಡೆ, ಲಂಡನ್ನಿನ ಬಸ್ಸುಗಳಲ್ಲಿ, ಆಗಲೇ ದೊರಕತೊಡಗಿತ್ತು.

ಜೆರೆಮಿ ಮಾರಿಸ್ ಎಂಬ ವೈದ್ಯನು ಬ್ರಿಟಿಷ್ ವೈದ್ಯಕೀಯ ಸಂಶೋಧನ ಮಂಡಲಿಯ ಸಾಮಾಜಿಕ ವೈದ್ಯ ಘಟಕದ ಮುಖ್ಯಸ್ಥನಾಗಿ 1948ರಲ್ಲಿ ಕೆಲಸವನ್ನಾರಂಭಿಸಿದನು. ಅವನ ಮೊದಲ ಹೆಜ್ಜೆ ಅಪ್ಪಟ ಇತಿಹಾಸಕಾರನದು. ‘ಲಂಡನ್ ಹಾಸ್ಪಿಟಲ್’ ಎಂಬ ಪ್ರಸಿದ್ಧ ಆಸ್ಪತ್ರೆಯಲ್ಲಿ 1907ರಿಂದ 1949ರವರೆಗೆ ನಡೆದ ಶವಪರೀಕ್ಷೆಗಳ ವರದಿಗಳನ್ನು ಅವನು ತೆಗೆಸಿ ಓದಿದನು. ಹೃದಯದ ಧಮನಿಗಳ ಗೋಡೆಯಲ್ಲಿ ಜಿಡ್ಡು ಕಟ್ಟುವುದು ಆ ನಲವತ್ತು ವರ್ಷಗಳಲ್ಲಿ ಹೆಚ್ಚಿರಲಿಲ್ಲ. ಆದರೆ ಆ ಧಮನಿಗಳ ರೋಗದಿಂದ ಸಾಯುವವರು ಹಲವು ಪಟ್ಟು ಹೆಚ್ಚಿದ್ದರು. ಧಮನಿಯಲ್ಲಿ ಜಿಡ್ಡಿರುವುದೇ ಬೇರೆ, ಅದರಿಂದ ಮನುಷ್ಯ ಸಾಯುವುದೇ ಬೇರೆ. ಎರಡರ ನಡುವೆ ಆಧುನಿಕ ಜೀವನಕ್ರಮದ ಯಾವುದೋ ಒಂದು ಅಂಶ ಕೈಯಾಡಿಸುತ್ತಿದೆಯೆಂದು ಅವನು ಶಂಕಿಸಿದನು. ಆ ಅಂಶ ಯಾವುದೆಂದು ಅರಿಯಲು ಬೇರೆ ಬೇರೆ ಉದ್ಯೋಗಗಳವರನ್ನು ಹೋಲಿಸಿ ನೋಡುವುದು ಅವನ ಯೋಜನೆ. ವ್ಯಾಯಾಮವೇ ಕಾರಣವೆಂದು ಮೊದಲೇ ನಿಶ್ಚಯಿಸಿಕೊಂಡು ಹೊರಟವನಲ್ಲ.

ಲಂಡನ್ ಸಾರಿಗೆ ಸಂಸ್ಥೆಯ ಬಸ್ಸು ಈ ಹೋಲಿಕೆಗೆ ಹೇಳಿಮಾಡಿಸಿದಂತಿತ್ತು. ಅದು ಎರಡಂತಸ್ತಿನ ಬಸ್ಸು. ಬೆಂಗಳೂರಿನಲ್ಲಿ ಅಂಥ ಬಸ್ಸುಗಳು ಓಡುತ್ತಿದ್ದ ಕಾಲವನ್ನು ಬಲ್ಲ ಹಿರಿಯರಿಗೆ ಅದರ ಚಿತ್ರ ಕಣ್ಣಮುಂದೆ ಬರುತ್ತದೆ. ಒಂದೇ ಬಸ್ಸಿನಲ್ಲಿ ಒಂದೇ ಹೊಗೆಯನ್ನು ಕುಡಿಯುತ್ತ ಇಬ್ಬರು ದುಡಿಯುತ್ತಿದ್ದರು. ಡ್ರೈವರನು ತನ್ನ ಪಾಳಿಯ ನೂರರಲ್ಲಿ ತೊಂಬತ್ತು ಪಾಲು ಕುಳಿತೇ ಕಳೆಯುತ್ತಿದ್ದನು. ಕಂಡಕ್ಟರನು ಟಿಕೆಟ್ಟು ಕೊಡುತ್ತ ಮೇಲಂತಸ್ತಿಗೂ ಕೆಳಕ್ಕೂ ಓಡಾಡಿ ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದನು. ಇಬ್ಬರೂ ಬಹುಮಟ್ಟಿಗೆ ಒಂದೇ ವರ್ಗದ, ಒಂದೇ ಬೀದಿಯ ಜನ. 35ರಿಂದ 64 ವರ್ಷದವರೆಗಿನ ಸುಮಾರು 31,000 ಮಂದಿ ಸಾರಿಗೆ ಕೆಲಸಗಾರರ 1949–50ನೆಯ ವರ್ಷಗಳ ಕಾಯಿಲೆಯ ದಾಖಲೆಗಳನ್ನು ಮಾರಿಸ್ ಮತ್ತು ಅವನ ಸಂಗಡಿಗರು ಶೋಧಿಸಿದರು. ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಮಂದಿಗೂ, ಸಾವಿರ ಕಂಡಕ್ಟರುಗಳಲ್ಲಿ 1.9 ಮಂದಿಗೂ ಹೃದಯಧಮನಿಯ ರೋಗ ತಲೆದೋರಿತ್ತು. ಅದಕ್ಕಿಂತ ಗಮನಾರ್ಹವಾದುದೆಂದರೆ, ರೋಗ ಬಂದಾಗಲೂ ಕಂಡಕ್ಟರಿಗೆ ಅದು ಹೆಚ್ಚಾಗಿ ಎದೆಸೆಳೆತದ ಸೌಮ್ಯರೂಪದಲ್ಲಿ ಬರುತ್ತಿತ್ತು; ಮೊದಲ ಆಘಾತದಲ್ಲಿಯೇ ಬೇಗನೆ ಸಾಯುವ ಸಂಭವ ಡ್ರೈವರಿಗಿದ್ದುದರ ಅರ್ಧಕ್ಕೂ ಕಡಿಮೆಯಾಗಿತ್ತು. ಅಂಚೆಯ ಇಲಾಖೆಯಲ್ಲಿ ನೋಡಿದಾಗಲೂ ಹೀಗೆಯೇ: ನಡೆದು ಸೈಕಲ್ ತುಳಿದು ಕಾಗದ ಹಂಚುವ ಅಂಚೆಯವನು ಮೇಜಿನ ಮುಂದೆ ಕುಳಿತ ಗುಮಾಸ್ತನಿಗಿಂತಲೂ ಟೆಲಿಫೋನ್ ನೌಕರನಿಗಿಂತಲೂ ಕ್ಷೇಮವಾಗಿದ್ದನು. ಈ ಫಲಿತಗಳು 1953ರ ನವೆಂಬರಿನಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಎರಡು ಕಂತುಗಳಾಗಿ ಪ್ರಕಟವಾದುವು.

ಲೀಡ್ಸಿನ ಗರಡಿ, ಲಂಡನ್ನಿನ ಬಸ್ಸು, ಎರಡೂ 1953. ನಡುವೆ ಸುಮಾರು ಇನ್ನೂರು ಮೈಲಿ. ಒಂದು ಕಡೆ ಉತ್ತರವಿತ್ತು, ಅದನ್ನು ಕೇಳುವ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ಇನ್ನೊಂದು ಕಡೆ ಪ್ರಶ್ನೆ ಹುಟ್ಟಿತ್ತು. ಇವೆರಡೂ ಕೂಡಿಬರಲು ಮೂವತ್ತು ವರ್ಷಗಳಿಗೂ ಮೀರಿ ಹಿಡಿಯಿತು. ಏಕೆ ಇಷ್ಟು ತಡವಾಯಿತೆಂಬುದು ವಿಚಾರಿಸತಕ್ಕ ವಿಷಯ.

ಮೊದಲನೆಯ ಕಾರಣ, ಬಸ್ಸಿನ ಸಾಕ್ಷ್ಯವನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಆಧಾರವನ್ನು ಒದಗಿಸಿದವನು ಮಾರಿಸನೇ ಎಂಬುದು ಅವನ ಹಿರಿಮೆ. 1956ರಲ್ಲಿ ಅವನೂ ಸಂಗಡಿಗರೂ ಸಂಸ್ಥೆಯವರು ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಗಳನ್ನು ಪರಿಶೀಲಿಸಿ ಒಂದು ಲೇಖನವನ್ನು ಬರೆದರು. ಡ್ರೈವರುಗಳ ಷರಾಯಿಯ ಸೊಂಟ ಎಲ್ಲ ವಯಸ್ಸಿನಲ್ಲಿಯೂ ಕಂಡಕ್ಟರುಗಳದಕ್ಕಿಂತ ದೊಡ್ಡದಾಗಿತ್ತು. ಎಳೆಯ ವಯಸ್ಸಿನವರಲ್ಲಿಯೂ ಹಾಗೆಯೇ. ದರ್ಜಿಯ ಟೇಪು ಹೀಗೆ ರೋಗಶಾಸ್ತ್ರಕ್ಕೆ ಸಾಕ್ಷಿ ನುಡಿದದ್ದು ವೈದ್ಯಚರಿತ್ರೆಯಲ್ಲಿ ಅಪೂರ್ವವಾದ ಪ್ರಸಂಗ. ಆದರೆ ಅದು ನುಡಿದ ಸಾಕ್ಷ್ಯ ಇಬ್ಬಾಯಿಯದು. ಕುಳಿತು ಕುಳಿತು ಡ್ರೈವರನು ದಪ್ಪಗಾದನೆ, ಅಥವಾ ದಪ್ಪಗಿರುವವನೇ ಕುಳಿತು ಮಾಡುವ ಕೆಲಸವನ್ನು ಆರಿಸಿಕೊಂಡನೆ? ಎರಡನೆಯದು ನಿಜವಾದರೆ ಮೆಟ್ಟಿಲುಗಳ ಮಹಿಮೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. 1966ರಲ್ಲಿ ಪ್ರಕಟವಾದ ಮುಂದಿನ ಪರಿಶೀಲನೆಯಲ್ಲಿ ಡ್ರೈವರುಗಳ ರಕ್ತದ ಒತ್ತಡವೂ ಕೊಲೆಸ್ಟರಾಲೂ ಹೆಚ್ಚಾಗಿದ್ದುವೆಂದು ಕಂಡುಬಂದಾಗ ಈ ಸಂಶಯ ಬಗೆಹರಿಯುವುದರ ಬದಲು ಇನ್ನಷ್ಟು ತೊಡಕಾಯಿತು.

ಆದಕಾರಣ ಮಾರಿಸನು ಉದ್ಯೋಗವನ್ನು ಬಿಟ್ಟು ಬಿಡುವಿನ ವೇಳೆಯತ್ತ ತಿರುಗಿದನು. ಒಂದೇ ಬಗೆಯ ಮೇಜಿನ ಕೆಲಸದ, ಒಂದೇ ಅಂತಸ್ತಿನ ಸರ್ಕಾರಿ ಅಧಿಕಾರಿಗಳನ್ನು ತೆಗೆದುಕೊಂಡರೆ ಉದ್ಯೋಗದ ಆಯ್ಕೆಯ ತೊಡಕು ಕಳೆಯುತ್ತದೆ. 1968–70ರಲ್ಲಿ 40ರಿಂದ 64 ವರ್ಷದ 16,882 ಮಂದಿ ಅಧಿಕಾರಿಗಳಿಂದ, ಹಿಂದಿನ ಶುಕ್ರವಾರ ಮತ್ತು ಶನಿವಾರ ತಾವು ಏನೇನು ಮಾಡಿದೆವೆಂಬುದನ್ನು ಸೋಮವಾರ ಬರೆಯಿಸಿಕೊಂಡರು. ಈಜು, ತೋಟದಲ್ಲಿ ಬಿರುಸಾದ ಅಗೆತ, ಕಸರತ್ತು ಮೊದಲಾದ ಏದುಸಿರು ಬರಿಸುವ ಚಟುವಟಿಕೆ ಇದ್ದವರಲ್ಲಿ ಹೃದಯಾಘಾತದ ಸಂಭವ ಇಲ್ಲದವರದಕ್ಕೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಪಾಲಿನಷ್ಟೇ ಇತ್ತೆಂದು 1973ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ರಾಲ್ಫ್ ಪಾಫೆನ್‌ಬಾರ್ಗರ್ ಎಂಬುವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ 16,936 ಮಂದಿ ಹಳೆಯ ವಿದ್ಯಾರ್ಥಿಗಳನ್ನು ಕುರಿತು 1978ರಲ್ಲಿ ಬರೆದ ಲೇಖನವೂ ಇದೇ ದಿಕ್ಕಿನದು. ಇಬ್ಬರ ಕೆಲಸದಲ್ಲಿಯೂ ಕಂಡುಬಂದ ಒಂದು ಸಂಗತಿ ಅಧ್ಯಾಪಕ ವರ್ಗಕ್ಕೆ ಅಷ್ಟು ಹಿತವಾಗಿ ಕೇಳದು. ಕಾಲೇಜಿನ ದಿನಗಳಲ್ಲಿ ಆಟಗಾರನಾಗಿದ್ದು ಬಳಿಕ ಬಿಟ್ಟವನಿಗೆ ಆ ಹಳೆಯ ಆಟದಿಂದ ಯಾವ ರಕ್ಷಣೆಯೂ ದೊರೆತಿರಲಿಲ್ಲ. ಹರೆಯದಲ್ಲಿ ಆಡದೆ ನಡುವಯಸ್ಸಿನಲ್ಲಿ ಆರಂಭಿಸಿದವನಿಗೆ ದೊರೆತಿತ್ತು. ಕಾಲೇಜಿನ ಕಪ್ಪುಗಳನ್ನು ಗಾಜಿನ ಬೀರುವಿನಲ್ಲಿ ಇಟ್ಟುಕೊಂಡಿರುವ ನನ್ನ ಕೆಲವು ಮಿತ್ರರು ಇದನ್ನು ಇಂದಿಗೂ ಒಪ್ಪಲು ಸಿದ್ಧರಿಲ್ಲ.

ಇದರ ಜೊತೆಯಲ್ಲಿಯೇ ಓದಬೇಕಾದುದು ಟೆಕ್ಸಾಸಿನ ಡಾಲಸ್ ನಗರದ ಪ್ರಯೋಗ. 1966ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ, ಗರಿಷ್ಠ ಶ್ರಮದಲ್ಲಿ ದೇಹ ಬಳಸಬಲ್ಲ ಆಮ್ಲಜನಕವನ್ನು ಮೊದಲೂ ಆಮೇಲೂ ಅಳೆದರು. ಅದು ಕಾಲುಭಾಗಕ್ಕಿಂತ ಹೆಚ್ಚಾಗಿ ಇಳಿದಿತ್ತು. ಆರು ವಾರದ ಹಾಸಿಗೆಯ ಚಿಕಿತ್ಸೆ ರೋಗಿಗೆ ಏನನ್ನು ಮಾಡುತ್ತಿತ್ತೆಂಬುದು ಆಗ ಅಂಕಿಯ ರೂಪದಲ್ಲಿ ಹೊರಬಿದ್ದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಐವತ್ತರ ಗೃಹಸ್ಥರಾಗಿ ಮತ್ತೆ ಕರೆಸಿ ಅಳೆದರು. ಮೂರು ದಶಕಗಳ ಮುಪ್ಪು ಅವರಿಂದ ಕಸಿದುಕೊಂಡದ್ದು ಅಂದಿನ ಮೂರು ವಾರದ ಹಾಸಿಗೆ ಕಸಿದುಕೊಂಡದ್ದಕ್ಕಿಂತ ಕಡಿಮೆಯಾಗಿತ್ತು. ಆರು ತಿಂಗಳ ಕ್ರಮವಾದ ನಡಿಗೆ, ಓಟ, ಸೈಕಲ್ಲಿನ ಅಭ್ಯಾಸದಿಂದ ಅದನ್ನೂ ಅವರು ಮರಳಿ ಪಡೆದರು. ಕೇವಲ ಐವರ ಮೇಲಿನ ಪ್ರಯೋಗ ಇದು. ಇದರಿಂದ ಸಾರ್ವತ್ರಿಕ ನಿಯಮವನ್ನು ಕಟ್ಟಲಾಗದು. ಆದರೆ ವಯಸ್ಸಿನ ಲೆಕ್ಕಕ್ಕೆ ನಾವು ಬರೆಯುವ ನಷ್ಟದಲ್ಲಿ ಕುರ್ಚಿಯ ಪಾಲೆಷ್ಟು ಎಂದು ಕೇಳುವುದಕ್ಕೆ ಸಾಕಾದಷ್ಟು ಆಧಾರ ಇದರಲ್ಲಿದೆ.

ತಡವಾದುದಕ್ಕೆ ಎರಡನೆಯ ಕಾರಣ ಗರಡಿಯ ಕಡೆಯಿಂದ ಬಂದದ್ದು. ಮಾರಿಸನ ಮೆಟ್ಟಿಲೂ, 1968ರಲ್ಲಿ ಕೆನೆತ್ ಕೂಪರ್ ಬರೆದ ‘ಏರೋಬಿಕ್ಸ್’ ಎಂಬ ಪುಸ್ತಕದಿಂದ ಹಬ್ಬಿದ ಓಟದ ಹುಮ್ಮಸ್ಸೂ ಕಾಲಿನ ಕೆಲಸವನ್ನು ಹೃದಯದ ಮಿತ್ರನೆಂದು ಸಾರಿದುವು. ಭಾರ ಎತ್ತುವುದು ಮಾತ್ರ ಶತ್ರುವಿನ ಪಂಕ್ತಿಯಲ್ಲಿಯೇ ಉಳಿಯಿತು. ಇದು ನಿರಾಧಾರವಾದ ಭಯವಲ್ಲ. ಉಸಿರು ಬಿಗಿಹಿಡಿದು ಅತಿಭಾರವನ್ನು ನೂಕುವಾಗ ರಕ್ತದ ಒತ್ತಡ ಎಷ್ಟಕ್ಕೆ ಏರುತ್ತದೆಂಬುದನ್ನು ಕೆನಡದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ಧಮನಿಯೊಳಕ್ಕೆ ಕೊಳವೆ ತೂರಿಸಿಯೇ ಅಳೆದರು. ಎರಡು ಕಾಲುಗಳಿಂದ ಭಾರ ನೂಕುತ್ತಿದ್ದ ಐವರು ಪೈಲ್ವಾನರಲ್ಲಿ ಅದು ಸರಾಸರಿ 320/250ಕ್ಕೆ ಏರಿತ್ತು. ಒಬ್ಬನಲ್ಲಿ 480/350ನ್ನೂ ದಾಟಿತು. ವೈದ್ಯರ ಕೊಠಡಿಯಲ್ಲಿ 160 ಎಂದು ಕೇಳಿದರೆ ಗಾಬರಿಯಾಗುವ ನಮಗೆ ಈ ಅಂಕಿಗಳು ನಂಬಲಸಾಧ್ಯವಾಗಿ ತೋರುತ್ತವೆ. ಜಡ್ಡುಗಟ್ಟಿದ ನಡುವಯಸ್ಸಿನ ಧಮನಿಗೆ ಇಂಥ ಪೆಟ್ಟು ಬೇಡವೆಂದು ವೈದ್ಯರು ಹೇಳಿದ್ದರಲ್ಲಿ ತಪ್ಪೇನಿದೆ?

ಆವರ್ತ ವ್ಯಾಯಾಮದ ‘ಅರ್ಧ’ ತತ್ತ್ವ ಇಲ್ಲಿ ಪ್ರಯೋಜನಕ್ಕೆ ಬಂದಿತು. ಅಮೆರಿಕದಲ್ಲಿ 1970ರ ದಶಕದ ಹೊತ್ತಿಗೆ ಲೀಡ್ಸಿನ ಸುತ್ತಿಗೆ ಯಂತ್ರಗಳ ಹಗುರವಾದ ಭಾರವನ್ನು ಸೇರಿಸಿ, ಹೆಚ್ಚು ಸಲ ಎತ್ತಿಸುವ, ಠಾವುಗಳ ನಡುವೆ ಕೆಲವೇ ಕ್ಷಣಗಳ ವಿರಾಮ ಕೊಡುವ ರೂಪವೊಂದು ಬಳಕೆಗೆ ಬಂದಿತ್ತು. ಇದರಿಂದ ಹೃದಯಕ್ಕೆ ಎಷ್ಟು ಲಾಭವೆಂಬುದರಲ್ಲಿ ಆರಂಭದ ಉತ್ಸಾಹಿಗಳು ಒಂದು ತಪ್ಪು ಮಾಡಿದರು. ನಾಡಿಯ ಬಡಿತ ಓಟದಲ್ಲಿ ಏರಿದಷ್ಟೇ ಇಲ್ಲಿಯೂ ಏರುವುದನ್ನು ಕಂಡು ಫಲವೂ ಅಷ್ಟೇ ಎಂದುಕೊಂಡರು. ಅಳೆದು ನೋಡಿದಾಗ ಅದೇ ನಾಡಿಗೆ ಆಮ್ಲಜನಕದ ಬಳಕೆ ಓಟದಲ್ಲಿರುವುದಕ್ಕಿಂತ ಕಡಿಮೆಯೆಂದು ತಿಳಿದುಬಂದಿತು. ತೋಳಿನ ಬಿಗಿತ ನಾಡಿಯನ್ನು ಏರಿಸುತ್ತದೆ, ಆದರೆ ದೊಡ್ಡ ಸ್ನಾಯುಗಳ ದುಡಿಮೆ ಅದಕ್ಕೆ ತಕ್ಕಷ್ಟಿರುವುದಿಲ್ಲ. ಸುತ್ತಿನಲ್ಲಿ ಸ್ನಾಯುವಿನ ಬಲ ಚೆನ್ನಾಗಿ ಹೆಚ್ಚುತ್ತದೆ, ಉಸಿರಿನ ಶಕ್ತಿ ಓಟದಿಂದ ಹೆಚ್ಚುವಷ್ಟು ಹೆಚ್ಚುವುದಿಲ್ಲ ಎಂಬುದು 1980ರ ದಶಕದ ಆರಂಭದ ಸಮೀಕ್ಷಕರ ತೀರ್ಮಾನ. ಠಾವು ಠಾವಿನ ನಡುವೆ ಓಟವನ್ನೋ ಸೈಕಲ್ಲನ್ನೋ ಸೇರಿಸುವ ಪರಿಷ್ಕಾರ ಈ ಕೊರತೆಯನ್ನು ತುಂಬಿಕೊಳ್ಳುವ ಯತ್ನ.

1986ರಲ್ಲಿ ಪ್ರಶ್ನೆಯೂ ಉತ್ತರವೂ ಕೊನೆಗೂ ಒಂದೇ ಕೋಣೆಯಲ್ಲಿ ಭೇಟಿಯಾದುವು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೆಲೆಮನ್ ಮತ್ತು ಸಂಗಡಿಗರು ಹೃದ್ರೋಗಿಗಳಿಗೇ ಆವರ್ತ ವ್ಯಾಯಾಮವನ್ನು ಮಾಡಿಸಿದರು. ಎಚ್ಚರಗಳನ್ನು ಗಮನಿಸಿ: ಇವರು ಮೊದಲೇ ಮೇಲ್ವಿಚಾರಣೆಯ ವ್ಯಾಯಾಮಕ್ಕೆ ಒಗ್ಗಿದ್ದ ರೋಗಿಗಳು, ಎತ್ತಬೇಕಾದ ಭಾರ ಅವರವರ ಗರಿಷ್ಠದ ಶೇಕಡಾ 40 ಮಾತ್ರ, ಕಾಲ 10 ವಾರ. ಯಾಂತ್ರಿಕ ನಡಿಗೆಪಟ್ಟಿಯ ಮೇಲೆ ನಡೆಯಬಲ್ಲ ಕಾಲ ಶೇಕಡಾ 12ರಷ್ಟು ಹೆಚ್ಚಿತು, ಸ್ನಾಯುಬಲ ಶೇಕಡಾ 24ರಷ್ಟು ಹೆಚ್ಚಿತು, ಯಾರ ಹೃದಯದ ಲಯವೂ ಅಪಾಯಕರವಾಗಿ ಕೆಡಲಿಲ್ಲ. ಹೆರಿಕ್ಕನ ಕಾಲದಲ್ಲಿ ಹಾಸಿಗೆಯಿಂದ ಏಳಲು ಅಪ್ಪಣೆಯಿಲ್ಲದಿದ್ದ ರೋಗಿಯ ಮೊಮ್ಮಗ ಈಗ ಕಬ್ಬಿಣವನ್ನು ಎತ್ತುತ್ತಿದ್ದನು. 2000ದಲ್ಲಿ ಅಮೆರಿಕದ ಹೃದಯ ಸಂಘವು ತಕ್ಕ ಎಚ್ಚರಗಳೊಡನೆ ಹಗುರವಾದ ಭಾರದ ಅಭ್ಯಾಸವನ್ನು ಅಧಿಕೃತವಾಗಿ ಅಂಗೀಕರಿಸಿತು.

ಅಲ್ಲಿಯವರೆಗೂ ಚರ್ಚೆಯೆಲ್ಲ ಹೃದಯವನ್ನು ಕುರಿತದ್ದು. ಧಮನಿಯನ್ನು ಬರಿಯ ಕೊಳವೆಯೆಂದೇ ಬಹುಕಾಲ ಭಾವಿಸಿದ್ದರು; ಕೊಳವೆ ತುಕ್ಕುಹಿಡಿಯುತ್ತದೆ, ಕಲಿಯುವುದಿಲ್ಲ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್, ಧಮನಿಯ ಒಳಗೋಡೆಗೆ ಹಾಸಿರುವ ಒಂದೇ ಪದರದ ಜೀವಕೋಶಗಳ ತೆಳುಪೊರೆ ಇದ್ದರೆ ಮಾತ್ರ ಕೆಲವು ದ್ರವ್ಯಗಳಿಗೆ ಧಮನಿ ಸಡಿಲಗೊಳ್ಳುತ್ತದೆಂದೂ, ಪೊರೆಯನ್ನು ಉಜ್ಜಿ ತೆಗೆದರೆ ಸಡಿಲಗೊಳ್ಳುವುದಿಲ್ಲವೆಂದೂ ತೋರಿಸಿದನು. ಆ ಪೊರೆ ಬಿಡುಗಡೆ ಮಾಡುವ ದ್ರವ್ಯ ನೈಟ್ರಿಕ್ ಆಕ್ಸೈಡ್ ಎಂಬ ಸಾಮಾನ್ಯ ಅನಿಲವೆಂಬುದು ಮುಂದೆ ತಿಳಿಯಿತು. 1998ರ ನೊಬೆಲ್ ಪಾರಿತೋಷಿಕ ಈ ಶೋಧಕ್ಕೆ ಸಂದಿತು. ರಕ್ತ ರಭಸದಿಂದ ಹರಿದು ಪೊರೆಯನ್ನು ಸವರಿದಾಗ ಅನಿಲ ಹೆಚ್ಚು ಒಸರುತ್ತದೆ, ಧಮನಿ ಹಿಗ್ಗುತ್ತದೆ. ವ್ಯಾಯಾಮವೆಂದರೆ ಈ ದೃಷ್ಟಿಯಿಂದ ರಕ್ತಪ್ರವಾಹದ ನಿತ್ಯದ ನೆರೆ. 1992ರಿಂದೀಚೆಗೆ ಮುಂಗೈಗೆ ಪಟ್ಟಿ ಬಿಗಿದು ಬಿಟ್ಟು ತೋಳಿನ ಧಮನಿ ಎಷ್ಟು ಹಿಗ್ಗುತ್ತದೆಂಬುದನ್ನು ಶ್ರವಣಾತೀತ ಧ್ವನಿಯ ಯಂತ್ರದಿಂದ ಹೊರಗಿನಿಂದಲೇ ಅಳೆಯುವುದು ಸಾಧ್ಯವಾಯಿತು.

ಈ ಅಳತೆಗಳು ನಡುವಯಸ್ಸಿನ ವ್ಯಾಯಾಮದ ಬಗ್ಗೆ ಎರಡು ಬಗೆಯ ಮಾತನ್ನಾಡಿದುವು. ಮೂರು ತಿಂಗಳು ಕ್ರಮವಾಗಿ ನಡೆದ ನಡುವಯಸ್ಸಿನವರಲ್ಲಿ ಕತ್ತಿನ ಧಮನಿ ಮತ್ತೆ ಮೃದುವಾಯಿತೆಂದು 2000ದಲ್ಲಿ ಅಮೆರಿಕದ ಕೊಲೊರಾಡೊದಿಂದ ವರದಿ ಬಂದಿತು. ಕೇವಲ ಭಾರವನ್ನೆತ್ತಿದ ತರುಣರಲ್ಲಿ ನಾಲ್ಕು ತಿಂಗಳಿನಲ್ಲಿ ಅದೇ ಧಮನಿ ಬಿರುಸಾಯಿತೆಂದು 2004ರಲ್ಲಿ ಜಪಾನಿನ ಮಿಯಾಚಿ ಮತ್ತು ಸಂಗಡಿಗರು ಬರೆದರು. ಭಾರದ ಬಳಿಕ ಓಟವನ್ನಿಟ್ಟರೆ ಬಿರುಸಾಗುವುದು ತಪ್ಪುತ್ತದೆಂದು ಜಪಾನಿನಿಂದಲೇ ಮುಂದಿನ ವರ್ಷಗಳಲ್ಲಿ ತಿಳಿದುಬಂದಿತು. ಭಾರವನ್ನೂ ಉಸಿರಿನ ಕೆಲಸವನ್ನೂ ಒಂದೇ ಸುತ್ತಿನಲ್ಲಿ ಹೆಣೆಯುವ ಆವರ್ತ ವ್ಯಾಯಾಮ ಈ ಎರಡರ ನಡುವೆ ನಿಲ್ಲುತ್ತದೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಸುಮಾರು ಐವತ್ತೆರಡು ವರ್ಷ ಸರಾಸರಿ ವಯಸ್ಸಿನ 16 ಮಂದಿ ಮಧುಮೇಹಿಗಳಿಗೆ ಎಂಟು ವಾರ ಇಂಥ ಮಿಶ್ರ ಸುತ್ತನ್ನು ಮಾಡಿಸಿದಾಗ, ಅವರ ತೋಳಿನ ಧಮನಿಯ ಹಿಗ್ಗುವ ಗುಣ ಸುಧಾರಿಸಿತೆಂದು 2001ರಲ್ಲಿ ಪ್ರಕಟವಾಯಿತು. ಸ್ವಾರಸ್ಯವೆಂದರೆ ಆ ಸುತ್ತಿನಲ್ಲಿ ಹೆಚ್ಚು ದುಡಿದದ್ದು ಕಾಲು. ಸುಧಾರಿಸಿದ್ದು ತೋಳಿನ ಧಮನಿ. ಪೊರೆಯ ಆರೋಗ್ಯ ದುಡಿದ ಅಂಗಕ್ಕಷ್ಟೇ ಸೀಮಿತವಲ್ಲವೆಂದು ಇದರಿಂದ ಊಹಿಸಬಹುದು. ಬಸ್ಸಿನವರ 31,000ಕ್ಕೆ ಎದುರಾಗಿ 16 ಮಂದಿ! ಒಂದರಲ್ಲಿ ಸಂಖ್ಯೆಯ ಬಲವಿದೆ, ಕಾರಣದ ನಿಶ್ಚಯವಿಲ್ಲ. ಇನ್ನೊಂದರಲ್ಲಿ ಕಾರಣ ಕೈಗೆ ಸಿಕ್ಕಿದೆ, ಸಂಖ್ಯೆ ಸಾಲದು. ಎರಡನ್ನೂ ಜೊತೆಗಿಟ್ಟು ಓದಬೇಕಲ್ಲದೆ ಒಂದರಿಂದ ಇನ್ನೊಂದನ್ನು ತಳ್ಳಿಹಾಕಲಾಗದು.

ಈ ಪ್ರಶ್ನೆ ನಮ್ಮ ನಾಡಿಗೆ ದೂರದ್ದಲ್ಲ. ಹೃದಯಾಘಾತದ ಕಾರಣಗಳನ್ನು ಅನೇಕ ದೇಶಗಳಲ್ಲಿ ಒಮ್ಮೆಗೇ ಶೋಧಿಸಿದ ‘ಇಂಟರ್‌ಹಾರ್ಟ್’ ಪರಿಶೀಲನೆಯ ದಕ್ಷಿಣ ಏಷ್ಯದ ಫಲಿತಗಳು 2007ರಲ್ಲಿ ಪ್ರಕಟವಾದುವು; ಅದರ ಕರ್ತೃಗಳಲ್ಲಿ ಬೆಂಗಳೂರಿನ ವೈದ್ಯರೂ ಇದ್ದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಉಳಿದ ದೇಶಗಳಲ್ಲಿ ಸುಮಾರು 59 ಆಗಿದ್ದರೆ ಭಾರತವೂ ಸೇರಿದ ದಕ್ಷಿಣ ಏಷ್ಯದಲ್ಲಿ 53. ಹೋಲಿಕೆಗಾಗಿ ಆರಿಸಿದ ಆರೋಗ್ಯವಂತರಲ್ಲಿಯೂ ಬಿಡುವಿನ ವೇಳೆಯಲ್ಲಿ ತಕ್ಕಷ್ಟು ವ್ಯಾಯಾಮ ಮಾಡುವವರು ಇತರ ದೇಶಗಳಲ್ಲಿ ನೂರಕ್ಕೆ ಸುಮಾರು 22, ನಮ್ಮಲ್ಲಿ ಸುಮಾರು 6. ಮದುವೆಯಾದವನು ಗರಡಿಯನ್ನು ಬಿಡತಕ್ಕದ್ದೆಂದು ನಂಬಿದ್ದ ಹಿರಿಯರನ್ನು ನಾನು ಬಲ್ಲೆ. ಹೊಲದಲ್ಲಿ ದುಡಿಯುವವನಿಗೆ ಆ ಮಾತಿನಿಂದ ನಷ್ಟವೇನೂ ಆಗುತ್ತಿರಲಿಲ್ಲ. ಅವನ ಮಗ ಕಛೇರಿಯ ಕುರ್ಚಿಗೆ ಬಂದಾಗ ಮಾತು ಹಾಗೆಯೇ ಉಳಿದು ಹೊಲ ಮಾತ್ರ ಹಿಂದೆ ಉಳಿಯಿತು.

ಜೆರೆಮಿ ಮಾರಿಸ್ 2009ರಲ್ಲಿ ತನ್ನ 99ನೆಯ ವಯಸ್ಸಿನಲ್ಲಿ ತೀರಿಕೊಂಡನು. 1996ರಲ್ಲಿ ಅವನಿಗೂ ಪಾಫೆನ್‌ಬಾರ್ಗರನಿಗೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕ್ರೀಡಾವಿಜ್ಞಾನ ಬಹುಮಾನ ಸಂದಿತ್ತು. ಅವನು ಅಧ್ಯಯನ ಮಾಡಿದ ಕಸುಬು ಅವನಿಗಿಂತ ಮೊದಲೇ ಮುಗಿಯಿತು. ಡ್ರೈವರನೇ ಟಿಕೆಟ್ಟನ್ನೂ ನೋಡಿಕೊಳ್ಳುವ ಬಸ್ಸುಗಳು ಒಂದೊಂದಾಗಿ ಬಂದು, ಹಿಂಬದಿ ತೆರೆದ, ಕಂಡಕ್ಟರನಿರುವ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು ಲಂಡನ್ನಿನ ನಿತ್ಯದ ಮಾರ್ಗಗಳಿಂದ 2005ರ ಡಿಸೆಂಬರ್ 9ರಂದು ಹಿಂದೆಗೆದುವು. ಆ ಕಡೆಯ ಮಾರ್ಗದ ಸಂಖ್ಯೆ 159. ದಿನಕ್ಕೆ ಐನೂರು ಮೆಟ್ಟಿಲು ಹತ್ತಿ ಸಂಬಳ ಪಡೆಯುವ ಕೆಲಸ ಅಲ್ಲಿಗೆ ಇಲ್ಲವಾಯಿತು. ಲೀಡ್ಸಿನ ಸುತ್ತಿನಲ್ಲಿ ಒಂದು ಠಾವು ಮಾತ್ರ ಇಂದಿಗೂ ಎಲ್ಲ ಕಡೆಯೂ ಉಳಿದಿದೆ: ಸುಮಾರು ಮೊಳಕಾಲಿನೆತ್ತರದ ಬೆಂಚು, ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.